ಗಾಡಿಯ ಈಶಾನ್ಯ

ಮದ್ದೂರಿನ ನನ್ನ ಶೆಡ್ಡಿನಲ್ಲಿ, ಊರೂರು ಸುತ್ತುವವರ ವ್ಯಾನುಗಳಿಗೆ ಮಂಚ, ಸಿಂಕು, ಕಕ್ಕಸು ಕೂರಿಸಿಕೊಡುತ್ತೇನೆ. ಬಸರಾಳಿನ ಗೌಡರೊಬ್ಬರು ಹೆಂಡತಿಯ ಜೊತೆ ವ್ಯಾನು ತಂದರು. ನೀರಿನ ಟ್ಯಾಂಕು ಎಲ್ಲಿಡಲಿ ಅಂತ ಕೇಳಿದೆ.

"ಈಸಾನ್ಯಕ್ಕೆ ಮಡಗಪ್ಪ. ನೀರ್ನ ಬ್ಯಾರೆ ಎಲ್ಲಾದ್ರೂ ಮಡಗ್ತಾರಾ?"

"ಗಾಡಿ ತಿರುಗ್ತದಲ್ಲ ಗೌಡ್ರೇ, ಯಾವ ಈಸಾನ್ಯ?"

"ಈಗೆಂಗ್ ನಿಂತದೋ ಅಂಗೇ ನೋಡ್ಕೊ."

ಗಾಡಿ ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಈಶಾನ್ಯದಲ್ಲಿದ್ದದ್ದು ಅವರ ಹೆಂಡತಿಯ ಸೀಟು.

"ನಾನೆಲ್ಲಿ ಕೂತ್ಕಳ್ಲಿ, ಟ್ಯಾಂಕ್ ಮ್ಯಾಲಾ?" ಅಂದರು ಆಯಮ್ಮ.

ಗೌಡರು ಗಾಡಿ ಹತ್ತಿ, ಹಿಂದೆಮುಂದೆ ಮಾಡಿ ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸಿದರು. ಈಶಾನ್ಯ ಹಿಂದಿನ ಬಲಮೂಲೆಗೆ ಬಂತು. ನಾನು ಅಲ್ಲಿ ಟ್ಯಾಂಕು ಕೂರಿಸಿ, ಪಕ್ಕದ ಎಡಮೂಲೆಗೆ ಕಕ್ಕಸು ಕಟ್ಟಿದೆ.

ಕೆಲಸ ಮುಗಿದಾಗ ಗೌಡರು ಟ್ಯಾಂಕಿಗೆ ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು ಹೊರಟರು. ಗಾಡಿ ಮಳವಳ್ಳಿ ರಸ್ತೆಗಿಳಿದು ದಕ್ಷಿಣಕ್ಕೆ ತಿರುಗಿತು. ಈಗ ಈಶಾನ್ಯದಲ್ಲಿ ಕಕ್ಕಸಿತ್ತು. ನಾನು ಸುಮ್ಮನೆ ಕೈಬೀಸಿದೆ.