ಸುರಪುರದ ಗರಡಿಯಲ್ಲಿ ನಾನು ಕಲಿತದ್ದು

ಸುರಪುರದ ಗರಡಿಗೆ ಸೇರಿದ ದಿನವೇ, ಕುಸ್ತಿ ಕಲಿಸುವ ವಸ್ತಾದ ನನ್ನ ಎಡಗಿವಿ ಮುರಿದ. ಅವನಿಗೆ ಆಗ ಸಿಟ್ಟೇನೂ ಬಂದಿರಲಿಲ್ಲ. ನನ್ನ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅಂಗೈಯ ಬುಡದಿಂದ ಕಿವಿಯನ್ನು ಒಂದೇ ಸಮನೆ ತಿಕ್ಕಿದ. ಒಳಗಿನ ಮೆದು ಎಲುಬು ಕರಕ್ಕೆಂದ ಮೇಲೆಯೇ ಬಿಟ್ಟ. ಆಮೇಲೆ ನನ್ನ ಅಪ್ಪನ ಕಡೆ ನೋಡಿ, "ಇನ್ನ ಇವ ಪೈಲ್ವಾನ. ಕಿವಿ ಸಾಪ್ ಇದ್ದಾವನ್ನ ನಾ ಕಣದಾಗ ಇಳಸಂಗಿಲ್ಲ" ಎಂದ. ಅಪ್ಪ ತಂದಿದ್ದ ಟಗರನ್ನು ಬಾಗಿಲ ಬಳಿ ಕಟ್ಟಿ, ವಸ್ತಾದನ ಕಾಲು ಮುಟ್ಟಿ ಹೊರಟುಹೋದ. ನನ್ನ ಕಿವಿಯ ಕಡೆ ನೋಡಲಿಲ್ಲ.

ನಮ್ಮದು ಕೆಂಭಾವಿ ಕಡೆಯ ಕುರಿ ಕಾಯುವ ಮನೆ. ನಿಜಾಮನ ಆಳ್ವಿಕೆ ಮುಗಿಯುವ ಮುಂಚೆ ಒಂದು ದಿನ ಅವನ ಕಡೆಯ ಬಂದೂಕು ಹಿಡಿದವರು ಹಟ್ಟಿಗೆ ಬಂದು ಕುರಿ ಹೊಡೆದುಕೊಂಡು ಹೋದರು. ಅಡ್ಡ ಬಂದ ಅಪ್ಪನನ್ನು ಅವ್ವನ ಎದುರಿಗೇ ಕುರಿಯಂತೆ ಅಂಬೆಗಾಲಲ್ಲಿ ನಡೆಸಿದರು. ಮುಂದೆ ಭಾರತದ ಸೈನ್ಯ ಬಂತು, ನಿಜಾಮನ ರಾಜ್ಯ ಹೋಯಿತು. ಆಗ ಪೆಟ್ಟು ತಿನ್ನುವ ಸರದಿ ಮುಸಲ್ಮಾನರದಾಯಿತು. ನಮ್ಮೂರಲ್ಲಿ ಅರಳೆ ಹಿಂಜಿ ಗಾದಿ ಹೊಲಿದುಕೊಡುತ್ತಿದ್ದ ಮುದುಕನೊಬ್ಬನಿದ್ದ, ಯಾರ ಕುರಿಯನ್ನೂ ಮುಟ್ಟಿದವನಲ್ಲ. ಅವನನ್ನು ನಮ್ಮ ಊರಿನವರೇ ಬೀದಿಯಲ್ಲಿ ಅದೇ ರೀತಿ ಅಂಬೆಗಾಲಲ್ಲಿ ನಡೆಸಿದರು. ಅಪ್ಪ ನೋಡುತ್ತ ನಿಂತಿದ್ದ. ಅವನು ನಕ್ಕದ್ದು ನನಗೆ ನೆನಪಿದೆ. ಆ ತಿಂಗಳೇ ನನ್ನನ್ನು ಗರಡಿಗೆ ತಂದು ಬಿಟ್ಟ. ನನಗೆ ಆಗ ಹದಿನೆಂಟೋ ಹತ್ತೊಂಬತ್ತೋ.

ವಸ್ತಾದನನ್ನು ಎದುರಿಗೆ ನಾವೆಲ್ಲ ಬಹುವಚನದಲ್ಲೇ ಕರೆಯುತ್ತಿದ್ದೆವು. ಬರೆಯುವಾಗ ನನ್ನ ಕೈಗೆ ಏಕವಚನವೇ ಬರುತ್ತದೆ. ಅವನು ಹಿಂದೆ ದೊಡ್ಡ ಜಮೀನ್ದಾರರೊಬ್ಬರ ವಾಡೆಯಲ್ಲಿ, ಅಂದರೆ ದೊಡ್ಡಮನೆಯಲ್ಲಿ, ಪೈಲ್ವಾನನಾಗಿದ್ದವನು. ಕುಸ್ತಿ ಆಡುವುದಕ್ಕಿಂತ ಹೆಚ್ಚಾಗಿ ಅವನ ಕೆಲಸ ರೈತರಿಂದ ಧಾನ್ಯ ವಸೂಲಿ ಮಾಡುವುದು. ಅದನ್ನು ನಮಗೆ ಅವನೇ ಹೇಳುತ್ತಿದ್ದ, ದಂಡ ಬೈಠಕ್ ಹೊಡೆಸುತ್ತ, ನಡುನಡುವೆ ಬೆತ್ತದಿಂದ ಮೀನಖಂಡ ಸವರುತ್ತ.

"ಬಡಿಯೂದು ದೊಡ್ಡ ಮಾತಲ್ಲ. ಹತ್ತು ಮಂದಿನ್ನ ಬಡದ್ರ ಹತ್ತೂ ಮಂದಿ ನಾಳಿ ಮರೀತಾರ. ಒಬ್ಬನ್ನ ಹಿಡಿ, ಒಂದ ಬೆರಳು ಮುರಿ. ಊರಾಗ ಎಲ್ಲಾರೂ ತಮ್ತಮ್ಮ ಬೆರಳು ನೋಡ್ಕೊಂತಾರ."

ಅವನ ವಿದ್ಯೆಯ ತತ್ವ ಇಷ್ಟೇ. ಮೈಗೆ ನೋವಿನ ಹೊರತು ಬೇರೆ ಭಾಷೆ ತಿಳಿಯುವುದಿಲ್ಲ ಎಂದು ಅವನು ನಂಬಿದ್ದ. ಅವನ ವಸ್ತಾದನೂ ಅವನಿಗೆ ಹಾಗೇ ಕಲಿಸಿದ್ದನಂತೆ. ತಪ್ಪು ಪಟ್ಟು ಹಾಕಿದ ದಿನ ಬೆನ್ನ ಮೇಲೆ ಒದ್ದೆ ಗೋಣಿ ಹೊದಿಸಿ ಅದರ ಮೇಲೆ ಹೊಡೆಯುತ್ತಿದ್ದರಂತೆ, ಗಾಯ ಕಾಣಬಾರದೆಂದು. ಇದನ್ನು ಹೇಳುವಾಗ ಅವನ ದನಿಯಲ್ಲಿ ದೂರಿರುತ್ತಿರಲಿಲ್ಲ. ಒಳ್ಳೆಯ ಊಟವನ್ನು ನೆನೆಸಿಕೊಂಡವನ ಹಾಗೆ ಹೇಳುತ್ತಿದ್ದ. ನಮ್ಮಲ್ಲಿ ಯಾರಿಗೂ ಅವನು ಒಮ್ಮೆಯೂ ಶಾಬಾಸ್ ಅಂದದ್ದಿಲ್ಲ. ಆ ಒಂದು ಮಾತಿಗಾಗಿ ನಾವೆಲ್ಲ ನಾಯಿಗಳಂತೆ ಕಾದಿದ್ದೆವು.

ಗರಡಿಯ ನಡುವೆ ಕುಸ್ತಿಯ ಕಣ, ಅಂದರೆ ಕೆಂಪು ಮಣ್ಣು ತುಂಬಿದ ಚೌಕಾಕಾರದ ಗುಂಡಿ. ಆ ಮಣ್ಣನ್ನು ಕೆರೆಯ ದಂಡೆಯಿಂದ ಹೊತ್ತು ತಂದು, ಹೆಂಟೆ ಒಡೆದು, ಜರಡಿ ಹಿಡಿದು, ರೇಷ್ಮೆಯಂತೆ ಮಾಡಿ ಕೊಡುತ್ತಿದ್ದವನು ಊರ ಹೊರಗಿನ ಕೇರಿಯವನು. ನನ್ನದೇ ವಯಸ್ಸು. ಅವನು ಮಣ್ಣನ್ನು ಬಾಗಿಲವರೆಗೆ ತಂದು ಸುರಿಯಬೇಕು, ಒಳಗೆ ನಾವು ಎಳೆದುಕೊಳ್ಳಬೇಕು. ಎಣ್ಣೆ, ಅರಿಷಿಣ, ಮಜ್ಜಿಗೆ ಕಲಸಿ ಹಣಮಂತ ದೇವರಿಗೆ ಕೈ ಮುಗಿದ ಮೇಲೆ ಆ ಮಣ್ಣನ್ನು ಅವನು ಮುಟ್ಟುವಂತಿರಲಿಲ್ಲ.

ಒಂದು ಮುಂಜಾನೆ ಹಳ್ಳದ ಕಡೆ ಹೋದಾಗ ಅವನು ಒಣ ಮರಳಿನಲ್ಲಿ ಒಬ್ಬನೇ ಬೀಳುತ್ತಿರುವುದನ್ನು ಕಂಡೆ. ಬೀಳುತ್ತಿದ್ದ, ಏಳುತ್ತಿದ್ದ, ಮತ್ತೆ ಬೀಳುತ್ತಿದ್ದ. ಹುಚ್ಚು ಹಿಡಿದಿದೆ ಅಂದುಕೊಂಡೆ.

"ಏನು ಮಾಡಾಕತ್ತೀ?" ಎಂದೆ.

"ಬೀಳೂದು ಕಲೀಲಿಕತ್ತೀನಿ. ನೀವು ಒಳಗ ಮಂದಿನ್ನ ಕೆಡವೂದು ಕಲೀತೀರಿ. ಬೀಳೂದು ಯಾರೂ ಕಲಿಯಂಗಿಲ್ಲ. ಅದಕ್ಕ ನಿಮ್ಮ ಮಂದಿಗೆ ಕೈ ಕಾಲು ಉಳುಕತಾವ."

ಬಾಗಿಲ ಹೊರಗೆ ನಿಂತು ನೋಡಿಯೇ ಅವನು ಎಲ್ಲ ಪಟ್ಟುಗಳನ್ನೂ ಕಲಿತಿದ್ದ. ನಾನು ನಕ್ಕು ಕೈ ಹಿಡಿದೆ. ಅವನು ನನ್ನನ್ನು ಎರಡು ಉಸಿರಿನಲ್ಲಿ ಮಲಗಿಸಿದ. ಮತ್ತೆ ಎದ್ದೆ, ಮತ್ತೆ ಮಲಗಿಸಿದ. ಅಂದಿನಿಂದ ಸುಮಾರು ಎರಡು ವರ್ಷ, ವಾರಕ್ಕೆ ಮೂರು ನಾಲ್ಕು ದಿನ, ನಾವಿಬ್ಬರೂ ಹಳ್ಳದಲ್ಲಿ ಆಡಿದೆವು. ಬೀಳುವಾಗ ಗದ್ದ ಎದೆಗೆ ಹಚ್ಚಬೇಕು, ಕೈ ಊರಬಾರದು, ಭುಜದ ಮೇಲೆ ಉರುಳಬೇಕು, ಉಸಿರು ಬಿಡುತ್ತ ನೆಲ ಮುಟ್ಟಬೇಕು. ಇದೆಲ್ಲ ಅವನೇ ಹೇಳಿಕೊಟ್ಟದ್ದು. ನನಗೆ ನೋವಾದರೆ "ಬಿಡು" ಅನ್ನಬೇಕು, ಅವನಿಗೆ ನೋವಾದರೆ ಅವನು ಅನ್ನಬೇಕು. ಅಂದ ಕೂಡಲೇ ಕೈ ಸಡಿಲಬೇಕು. ಅದು ನಮ್ಮ ಕರಾರು. ಎರಡು ವರ್ಷದಲ್ಲಿ ಅವನು ಒಮ್ಮೆಯೂ ಅದನ್ನು ಮುರಿಯಲಿಲ್ಲ. ನಾನು ಒಮ್ಮೆಯೂ ಗೆಲ್ಲಲಿಲ್ಲ. ಗರಡಿಯಲ್ಲಿ ಮಾತ್ರ ಎಲ್ಲರನ್ನೂ ಕೆಡವತೊಡಗಿದೆ. ಕೆಂಭಾವಿಯಲ್ಲಿ, ಶಹಾಪುರದಲ್ಲಿ ಕುಸ್ತಿ ಗೆದ್ದೆ. ಹೆಸರು ವಸ್ತಾದನಿಗೆ ಬಂತು.

ಹೊಸ ಸರ್ಕಾರ ಬಂದ ಮೇಲೆ ಬಾವಿ, ಶಾಲೆ, ಹೋಟೆಲ್ಲು ಎಲ್ಲರಿಗೂ ತೆರೆದಿರಬೇಕೆಂದು ಖಾದಿ ತೊಟ್ಟವರು ಊರೂರಿಗೆ ಬಂದು ಹೇಳುತ್ತಿದ್ದರು. ಅವರಲ್ಲಿ ಒಬ್ಬರು ಗರಡಿಗೂ ಬಂದರು. ವಸ್ತಾದ ಜಗಳಾಡುತ್ತಾನೆ ಅಂದುಕೊಂಡಿದ್ದೆವು. ಅವನು ನಕ್ಕು, "ಬರ್ಲಿ ಬಿಡ್ರಿ. ಕಾನೂನು ಅಂದ್ರ ಕಾನೂನು. ಮಣ್ಣು ಹೊರಾಂವಗ ಆಡೂ ಆಸಿ ಇದ್ರ ಆಡ್ಲಿ" ಎಂದ. ಮುಂದಿನ ಸಂತೆಯ ದಿನ ಊರಿನವರ ಎದುರಿಗೆ ಮಣ್ಣು ಹೊರುವವನಿಗೂ ನನಗೂ ಕುಸ್ತಿ ನಿಗದಿಯಾಯಿತು.

ಆ ಮುಂಜಾನೆ ವಸ್ತಾದ ನನ್ನನ್ನು ಮಗ್ಗುಲಿಗೆ ಕರೆದು ತಾನೇ ನನ್ನ ಮೈಗೆ ಎಣ್ಣೆ ತಿಕ್ಕಿದ. ಅಷ್ಟು ಮೆತ್ತಗೆ ಅವನು ಯಾರನ್ನೂ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

"ಕೆಡವಬ್ಯಾಡ," ಎಂದ. "ಕೆಡವಿದ್ರ ನಾಳಿ ಮತ್ತ ಬರ್ತಾನ. ಮೊಣಕೈ."

"ಯಾಕ್ರಿ ವಸ್ತಾದ್ರ..."

"ನಾ ಸತ್ತ ಮ್ಯಾಲ ಈ ಗರಡಿ ಯಾರಿಗೆ ಬಿಡ್ಲಿ, ಹೇಳು?"

ನಾನು ಎದ್ದು ಲಂಗೋಟಿ ಬಿಗಿದುಕೊಂಡೆ. ಹೆದರಿ ಮಾಡಿದೆ ಎಂದು ಮುಂದೆ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು, ಹಳ್ಳದ ಸುದ್ದಿ ಹೊರಬಿದ್ದೀತೆಂದು. ಅದಕ್ಕಿಂತ ದೊಡ್ಡದು ಹೊಟ್ಟೆಕಿಚ್ಚು. ಮಣ್ಣು ಹೊರುವವನು ಎರಡು ವರ್ಷ ನನ್ನನ್ನು ಒಂದೇ ಸಮನೆ ಕೆಡವಿದ್ದ. ಅವನು ಒಮ್ಮೆ ಕಣಕ್ಕೆ ಇಳಿದರೆ ನನ್ನನ್ನು ಯಾರೂ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅವನು ಅಂಗಿ ಕಳಚಿ ಮಡಚಿ ಹೊರಗಿನ ಕಲ್ಲಿನ ಮೇಲಿಟ್ಟು ಒಳಗೆ ಬಂದ. ತಾನೇ ಜರಡಿ ಹಿಡಿದ ಮಣ್ಣಿಗೆ ಮೊದಲ ಸಲ ಕಾಲಿಡುವಾಗ ಬೆರಳುಗಳನ್ನು ಅಗಲಿಸಿ ಇಟ್ಟ. ನನ್ನನ್ನು ನೋಡಿ ತುಟಿಯಂಚಿನಲ್ಲಿ ನಕ್ಕ. ಹಳ್ಳದಲ್ಲಿ ಆಡುವಂತೆಯೇ ಆಡಿದ. ನನಗೆ ಊರ ಮುಂದೆ ಅವಮಾನವಾಗಬಾರದೆಂದು ಎರಡು ಸಲ ಸಿಕ್ಕ ಅವಕಾಶ ಬಿಟ್ಟ. ಅದು ನನಗೆ ತಿಳಿಯಿತು. ಮೂರನೆಯ ಸಲ ಬಲಗೈ ಚಾಚಿದಾಗ ಅದನ್ನು ಹಿಡಿದು ತಿರುವಿ, ಮೊಣಕೈಯನ್ನು ನನ್ನ ಎದೆಗೆ ಒತ್ತಿ ಕೆಳಗೆ ಬಿದ್ದೆ.

"ಬಿಡು," ಎಂದ. ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ.

ನಾನು ಬಿಡಲಿಲ್ಲ. ಹಸಿ ಜಾಲಿಯ ಕೊಂಬೆ ಮುರಿದಂತೆ ಸದ್ದಾಯಿತು. ಜನ ಕೇಕೆ ಹಾಕಿದರು. ವಸ್ತಾದ "ಶಾಬಾಸ್" ಎಂದ. ಆ ಶಬ್ದ ಕಿವಿಗೆ ಬಿದ್ದಾಗ ಮೈ ಜುಮ್ಮೆಂದಿತು. ಹಿಗ್ಗಿನಿಂದಲೇ ಜುಮ್ಮೆಂದಿತು, ಸುಳ್ಳು ಹೇಳಲಾರೆ.

ಅವನನ್ನು ಕೇರಿಯವರು ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಅವನ ತಾಯಿ ಬಂದು ಅಂಗಳದಾಚೆ ನಿಂತಳು. ಅವಳು ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. "ಮಗನ ಅಂಗಿ ಇಲ್ಲೇ ಉಳದದರಿ, ಕೊಡ್ರಿ" ಎಂದಳು. ವಸ್ತಾದ ನನ್ನ ಕಡೆ ನೋಡಿದ. ಅವಳ ಮಗನ ಬೆವರು ಇನ್ನೂ ನನ್ನ ಮೈಮೇಲೆ ಒಣಗಿರಲಿಲ್ಲ. ಆದರೂ ನಾನು ಒಂದು ಕೋಲು ತೆಗೆದುಕೊಂಡು, ಅದರ ತುದಿಯಿಂದ ಅಂಗಿಯನ್ನು ಎತ್ತಿ ಅವಳ ಮುಂದೆ ನೆಲಕ್ಕೆ ಹಾಕಿದೆ. ಅವಳು ಬಗ್ಗಿ ತೆಗೆದುಕೊಂಡು, ಮಣ್ಣು ಕೊಡವಿ, ಹೋದಳು. ಅಂದು ಸಂಜೆ ಕಣದ ಮಣ್ಣನ್ನೆಲ್ಲ ಅಗೆದು ಹೊರಗೆ ಹಾಕಿಸಿದರು, ಮೈಲಿಗೆಯಾಯಿತೆಂದು. ಹೊಸ ಮಣ್ಣು ಹೊರಲು ಯಾರೂ ಇರಲಿಲ್ಲ. ನಾವೇ ಹೊತ್ತೆವು.

ಅವನ ಮನೆಯವರು ಆ ವಾರವೇ ಸುರಪುರ ಬಿಟ್ಟರು. ಕೈಗೆ ಬಿದಿರು ಪಟ್ಟಿ ಕಟ್ಟಿದ್ದ ನಾಟಿ ವೈದ್ಯ, ಎಲುಬು ಸೊಟ್ಟಗೆ ಕೂಡಿತೆಂದು ಯಾರಿಗೋ ಹೇಳಿದನಂತೆ. ಅಷ್ಟು ಮಾತ್ರ ತಿಳಿಯಿತು.

ಗರಡಿ ನನಗೆ ಬರಲಿಲ್ಲ. ವಾಡೆಯವರ ಜಮೀನು, ಅಧಿಕಾರ ಎಲ್ಲ ಹೋಗಿ ಅವರು ಹೈದರಾಬಾದಿಗೆ ಹೊರಟರು. ಗರಡಿಯ ಜಾಗ ಅವರದೇ ಆಗಿದ್ದರಿಂದ ಮಾರಿಹೋಯಿತು. ವಸ್ತಾದನಿಗೆ ಲಕ್ವಾ ಹೊಡೆಯಿತು. ನೋಡಲು ಹೋದೆ. ಒಂದು ಕೈ, ಒಂದು ಕಾಲು ಸತ್ತಿದ್ದವು. ಹೆಂಡತಿ ಗಂಜಿ ಕುಡಿಸಲು ಬಗ್ಗಿದರೆ ಬದುಕಿದ್ದ ಕೈಯಿಂದ ಅವಳ ಕೆನ್ನೆಗೆ ಹೊಡೆಯುತ್ತಿದ್ದ. ಆಕೆ ಕೆನ್ನೆ ಒರೆಸಿಕೊಂಡು ಮತ್ತೆ ಬಟ್ಟಲು ಹಿಡಿಯುತ್ತಿದ್ದಳು. ನಾನು ಎದ್ದುಬಂದೆ.

ಮುಂದೆ ಯಾದಗಿರಿಯ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾದೆ. ಉರ್ದುವಿನಲ್ಲಿ ನಡೆಯುತ್ತಿದ್ದ ಶಾಲೆಗಳು ಕನ್ನಡಕ್ಕೆ ತಿರುಗುತ್ತಿದ್ದ ಕಾಲ. ನನಗೆ ಕಲಿಸಲು ಗೊತ್ತಿದ್ದುದು ವಸ್ತಾದನ ರೀತಿ ಒಂದೇ. ಬೆತ್ತ ಹಿಡಿದೆ. ಎರಡನೆಯ ವರ್ಷ, ಸಾಲಿನಲ್ಲಿ ನಕ್ಕ ವಿದ್ಯಾರ್ಥಿಯೊಬ್ಬನ ಕೈ ತಿರುವಿದೆ. "ಬಿಡ್ರಿ ಸರ, ಬಿಡ್ರಿ" ಎಂದ. ನನ್ನ ಕೈ ಬಿಡಲಿಲ್ಲ. ಇನ್ನೊಂದು ಗೇಣು ತಿರುವಿದರೆ ಏನಾಗುತ್ತದೆಂದು ನನ್ನ ಬೆರಳುಗಳಿಗೆ ಗೊತ್ತಿತ್ತು, ಮತ್ತು ಅವು ಅದನ್ನು ಬಯಸುತ್ತಿದ್ದವು. ಬಿಟ್ಟೆ. ಬೆತ್ತವನ್ನು ಮೈದಾನದ ಅಂಚಿಗೆ ಎಸೆದೆ.

ಬೆತ್ತ ಬಿಟ್ಟದ್ದು ಅಂದಿನಿಂದ. ಮಕ್ಕಳಿಗೆ ಕುಸ್ತಿ ಹೇಳಿಕೊಡತೊಡಗಿ, ಮೊದಲ ಮೂರು ತಿಂಗಳು ಬೀಳುವುದನ್ನಷ್ಟೇ ಕಲಿಸಿದೆ. ಬಿಡು ಎಂದರೆ ಆ ಮಾತು ಮುಗಿಯುವ ಮುಂಚೆ ಬಿಡಬೇಕು, ಬಿಡದವನು ಆ ವರ್ಷ ಮಣ್ಣಿಗೆ ಇಳಿಯುವಂತಿಲ್ಲ ಎಂದೆ. ನನ್ನ ವಿದ್ಯಾರ್ಥಿಗಳು ಕೈಕಾಲು ಉಳುಕಿಸಿಕೊಳ್ಳದೆ ಗೆಲ್ಲತೊಡಗಿದರು. ಹೊಸ ಪದ್ಧತಿ ಕಂಡುಹಿಡಿದ ಮಾಸ್ತರ ಎಂದು ಊರಲ್ಲಿ ಹೊಗಳಿದರು. ಹೊಗಳಿಸಿಕೊಂಡೆ.

ಹಲವು ವರ್ಷದ ಮೇಲೆ ಶಾಲೆಗಳ ಆಟೋಟಕ್ಕೆ ಶಹಾಪುರದ ಕಡೆಯಿಂದ ಒಬ್ಬ ಮಾಸ್ತರರು ಮಕ್ಕಳನ್ನು ಕರೆತಂದಿದ್ದರು. ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು. ಬಲಗೈ ಅರ್ಧ ಮಡಚಿದಂತೆಯೇ ನಿಂತಿತ್ತು. ನಮ್ಮ ವಿದ್ಯಾರ್ಥಿಗಳು ಬೀಳುವುದನ್ನು ಬಹಳ ಹೊತ್ತು ಕೂತು ನೋಡಿದರು. ನಾನು ಹತ್ತಿರ ಹೋದೆ.

"ಬೀಳೂದು ಚಲೋ ಕಲ್ಸೀರಿ," ಎಂದರು. ಹಳ್ಳದಲ್ಲಿ ನನ್ನನ್ನು ನೀ ಅನ್ನುತ್ತಿದ್ದವರು.

"ಅದು ನಿಮ್ದರಿ."

"ನಂದು ಅಂತ ಇವರಿಗೆ ಹೇಳೀರೇನು?"

"ಇಲ್ಲ."

ಅವರು ತಲೆಯಾಡಿಸಿದರು. ಆಮೇಲೆ ಕೇಳಿದರು: "ಒಂದು ಮಾತು. ಅವತ್ತ ನಾ ಬಿಡು ಅಂದಿದ್ದು ನಿಮಗ ಕೇಳ್ಸಿತ್ತೇನು?"

ಸುಳ್ಳು ಹೇಳಬಹುದಿತ್ತು. ಇಷ್ಟು ವರ್ಷದ ಮೇಲೆ ನಿಜ ಹೇಳುವುದೇ ಮರ್ಯಾದೆ ಎಂದು ನನಗೆ ತೋರಿತು.

"ಕೇಳ್ಸಿತ್ರಿ."

ಅವರ ಮುಖ ಒಮ್ಮೆಗೇ ಮುದುಕನದಾಯಿತು. "ನಾ ಗದ್ದಲದಾಗ ಕೇಳ್ಸಿಲ್ಲ ಅಂದ್ಕೊಂಡಿದ್ದೆ. ಅವ್ವ ಸಾಯೂತನ ನಿಮ್ಮನ್ನ ಬೈದ್ಲು. ಪಾಪ, ಅವಗ ಕೇಳ್ಸಿಲ್ಲವ್ವ ಅಂತ ನಾನ ಅಕಿಗೆ ಹೇಳ್ತಿದ್ದೆ."

ಎದ್ದು, ತಮ್ಮ ಮಕ್ಕಳನ್ನು ಕರೆದುಕೊಂಡು ಮೈದಾನದ ಆಚೆ ಬದಿಗೆ ಹೋಗಿ ಕುಳಿತರು. ಕ್ಷಮೆ ಕೇಳಲು ನಾನು ಹಿಂದೆ ಹೋಗಲಿಲ್ಲ. ಕೇಳಿದರೆ ಅದೂ ಅವರಿಂದ ಇನ್ನೇನನ್ನೋ ಕಸಿದುಕೊಂಡಂತೆ ಆಗುತ್ತಿತ್ತು.

ಮರುದಿನ ವಿದ್ಯಾರ್ಥಿಗಳನ್ನು ಸಾಲಾಗಿ ಕೂಡಿಸಿ ಎಲ್ಲವನ್ನೂ ಹೇಳಿದೆ. ಈ ವಿದ್ಯೆ ಯಾರದು, ಅವರು ಯಾವ ಕೇರಿಯವರು, ನಾನು ಅವರಿಗೆ ಏನು ಮಾಡಿದೆ, ಅವರ ಅಂಗಿಯನ್ನು ಹೇಗೆ ಎತ್ತಿದೆ. ಹುಡುಗರು ಕಣ್ಣು ಮಿಟುಕಿಸದೆ ಕೇಳಿದರು. ಆ ವಾರದಲ್ಲಿ ಮೂವರು ಬರುವುದನ್ನು ನಿಲ್ಲಿಸಿದರು. ಅವರಲ್ಲಿ ಒಬ್ಬನ ತಂದೆ, ಬಜಾರಿನಲ್ಲಿ ಮರ್ಯಾದಸ್ಥರೆನಿಸಿಕೊಂಡವರು, ಮನೆಯವರೆಗೆ ಬಂದರು. ಕೈ ಮುರಿದದ್ದಕ್ಕೆ ಹೇಸಿಕೊಂಡರೆಂದು ನಾನು ತಲೆ ತಗ್ಗಿಸಿ ನಿಂತೆ.

"ಮಾಸ್ತರ," ಎಂದರು, "ಕುಸ್ತಿಯಾಗ ಕೈ ಮುರೀತಾವ, ಅದರಾಗೇನದ. ಆದ್ರ ಅಂಥವರ ವಿದ್ಯೆ ನಮ್ಮ ಹುಡುಗ್ರಿಗೆ ಕಲ್ಸೀರಿ ಅಂತ ಮೊದಲ ಹೇಳಬಾರದೇನ್ರಿ?"