ಬಾಳೆಬುಡಕ್ಕೆ ಬಿಟ್ಟ ಪೈಪು

ಪಾತ್ರೆ ತೊಳೆಯುವ ಮಿಷಿನ್ ಕೆಟ್ಟಿರಲಿಲ್ಲ, ಅದರ ಪೈಪನ್ನು ಕೆಳಗಿಳಿಸಿದವನು ನಾನು ಎಂದು ನನ್ನ ತಂಗಿಗೆ ಹೇಳಬೇಕಿತ್ತು. ಹೇಳಲಿಲ್ಲ. ಇಳಿಸಿದ್ದು ತಿಳಿಯದೆ ಮಾಡಿದ ತಪ್ಪು ಎಂದಾದರೂ ಅನ್ನಬಹುದು. ತಿಳಿದ ಮೇಲೂ ಬಾಯಿ ಮುಚ್ಚಿಕೊಂಡು ಅವಳ ಮನೆಗೆ ಹೋಗಿ, ಅವಳು ತೊಳೆದ ತಟ್ಟೆಯಲ್ಲೇ ಉಂಡು ಬರುತ್ತಿದ್ದೆನಲ್ಲ, ಅದಕ್ಕೆ ಏನೆನ್ನಬೇಕೋ ನನಗೆ ಗೊತ್ತಿಲ್ಲ.

ತಂಗಿ ಇರುವುದು ಕೊಳ್ಳೇಗಾಲದಲ್ಲಿ. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಮೇಜು ಹಾಕಿ ಮಧ್ಯಾಹ್ನದ ಊಟದ ಮೆಸ್ಸು ನಡೆಸುತ್ತಾಳೆ. ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ. ಅವಳ ಗಂಡ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ನಾನು ಹೊನ್ನೂರಿನಲ್ಲಿ ಗದ್ದೆ, ತೆಂಗು ನೋಡಿಕೊಂಡಿದ್ದೇನೆ. ವಾರಕ್ಕೊಮ್ಮೆ ತೆಂಗಿನಕಾಯಿ, ಸೊಪ್ಪು, ನುಗ್ಗೆಕಾಯಿ ಚೀಲಕ್ಕೆ ತುಂಬಿಕೊಂಡು ಯಳಂದೂರಿಗೆ ಬಂದು, ಅಲ್ಲಿಂದ ಬಸ್ಸು ಹತ್ತಿ ಅವಳ ಮನೆಗೆ ಹೋಗುತ್ತೇನೆ.

ವರ್ಷಗಟ್ಟಲೆ ಸೋಪಿನ ನೀರಿನಲ್ಲಿ ಕೈಯಾಡಿಸಿ ಅವಳ ಬೆರಳುಗಳ ಚರ್ಮ ಎದ್ದು ಹೋಗಿತ್ತು. ಗೆಣ್ಣು ಗೆಣ್ಣಿನಲ್ಲೂ ಸೀಳು. ಸೋಪಿನ ನೀರು ಮುಟ್ಟಲೇಬಾರದು ಎಂದು ಚರ್ಮದ ಡಾಕ್ಟರು ಹೇಳಿದರು. ಕೈಗೆ ರಬ್ಬರ್ ಗವಸು ಹಾಕಿದರೆ ಒಳಗೆ ಬೆವೆತು ಇನ್ನಷ್ಟು ಕೆರೆತ. ಪಾತ್ರೆಗೆಂದು ಇಟ್ಟುಕೊಂಡ ಹೆಂಗಸರು ಯಾರೂ ನಿಲ್ಲಲಿಲ್ಲ. ಅಷ್ಟರಲ್ಲಿ ಅವರ ಬೀದಿಯಲ್ಲಿದ್ದ ಬ್ಯಾಂಕಿನವರಿಗೆ ವರ್ಗವಾಯಿತು. ಅವರು ಬಳಸುತ್ತಿದ್ದ ಡಿಶ್‌ವಾಶರ್ ಇವಳ ಪಾಲಿಗೆ ಬಂತು. ದೊಡ್ಡ ಡಬರಿಗಳು ಅದರೊಳಗೆ ಹಿಡಿಯುವುದಿಲ್ಲ. ಆದರೆ ಅವಳ ಕೈ ತಿಂದದ್ದು ಡಬರಿಗಳಲ್ಲ, ತಟ್ಟೆ ಲೋಟಗಳ ರಾಶಿ.

ಅದನ್ನು ಕೂರಿಸಲು ಹನೂರಿನಿಂದ ಒಬ್ಬ ಫಿಟ್ಟರ್ ಬಂದ ದಿನ ನಾನೂ ಅಲ್ಲಿದ್ದೆ. ತಂಗಿ ಮಿಷಿನ್ನಿನ ಹೊಟ್ಟೆಗೆ ಉಪ್ಪು ಸುರಿಯುತ್ತಿದ್ದಳು.

"ಇದಕ್ಕೂ ಉಪ್ಪು ಆಕ್ಬೇಕಂತೆ ಕಣಣ್ಣ."

"ಉಪ್ಪಿನಕಾಯಿನೂ ಒಸಿ ಮಡುಗು. ಚೆನ್ನಾಗ್ ಉಣ್ಲಿ" ಎಂದೆ.

ಅವಳು ನಗುತ್ತಾ ಕಾಫಿಗೆ ಹಾಲು ತರಲು ಹೋದಳು. ಆಗ ಫಿಟ್ಟರ್ ಕೊಳೆನೀರು ಹೊರಹೋಗುವ ಪೈಪನ್ನು ಮೇಲಕ್ಕೆತ್ತಿ, ಸಿಂಕಿನ ಮಟ್ಟದಲ್ಲಿ ಗೋಡೆಗೆ ಕಟ್ಟಿ, ನನ್ನ ಕಡೆ ತಿರುಗಿ ಹೇಳಿದ:

"ಈ ಪೈಪು ಇಷ್ಟೆತ್ತರಕ್ಕೇ ಇರ್ಬೇಕು ಸಾ. ಕೆಳಕ್ ಬುಡ್ಬ್ಯಾಡಿ."

ನಾನು ಹೂಂ ಎಂದೆ. ಒಂದು ಸಲ ಓಡಿಸಿ ತೋರಿಸಿ ಅವನು ಹೋದ. ತಟ್ಟೆಗಳು ಫಳಫಳ ಅನ್ನುತ್ತಿದ್ದವು.

ಆ ನೀರು ಸಿಂಕಿನಿಂದ ಬೀದಿಯ ಮೋರಿಗೆ ಹೋಗುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಮ್ಮ ಕಡೆ ಬಚ್ಚಲ ನೀರನ್ನು ಸುಮ್ಮನೆ ಹರಿಯಲು ಬಿಡುವವರಿಲ್ಲ. ಅದು ಬಾಳೆಗೆ ಹೋಗಬೇಕು, ಇಲ್ಲವೇ ಕೆಸುವಿನ ದಂಟಿಗೆ. ಅವಳ ಹಿತ್ತಲಿನ ಬಾಳೆಗಳನ್ನು ನೆಟ್ಟವನೂ ನಾನೇ. ಅವಳು ಅಂಗಡಿಗೆ ಹೋದಾಗ ಪೈಪಿನ ಕಟ್ಟು ಬಿಚ್ಚಿ, ಗೋಡೆಯ ಕೆಳಗಿನ ತೂತಿನಲ್ಲಿ ತೂರಿಸಿ, ಇನ್ನೊಂದು ತುಂಡು ಜೋಡಿಸಿ ಬಾಳೆಬುಡಕ್ಕೆ ಬಿಟ್ಟೆ. ಅಡುಗೆಮನೆಯ ನೆಲಕ್ಕಿಂತ ಹಿತ್ತಲು ಮಂಡಿಯುದ್ದ ತಗ್ಗು. ನೀರು ಸರಾಗವಾಗಿ ಹೋಗುತ್ತದೆ ಎಂದು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ತಂಗಿ ಬಂದ ಮೇಲೆ, ನೀರು ಬಾಳೆಗೆ ಬಿಟ್ಟಿದ್ದೇನೆ ಎಂದಷ್ಟೇ ಹೇಳಿದೆ. ಅವಳಿಗೂ ಖುಷಿಯಾಯಿತು.

ಮಾರನೇ ದಿನವೇ ಫೋನು. "ಅಣ್ಣ, ನೀರು ಒಳಗ ನಿಂತ್ಕತ್ತಾನೇ ಇಲ್ಲ. ತುಂಬ್ತದ, ಓಯ್ತದ. ಮೋಟ್ರು ಗುಂಯ್ ಅಂತ್ಲೇ ಅದ."

ಅವಳು ಮಾಡದ ಪ್ರಯತ್ನವಿಲ್ಲ. ಫೋನಿನಲ್ಲಿ ವಿಡಿಯೋ ನೋಡಿ ಜಾಲರಿ ಬಿಚ್ಚಿ ತೊಳೆದಳು. ಒಂದು ಕರಿಬೇವಿನ ಎಲೆ ಸಿಕ್ಕಿತು. ಅದೇ ಅಡ್ಡವಾಗಿತ್ತು ಎಂದು ಸಂಭ್ರಮಪಟ್ಟಳು. ಮತ್ತೆ ಹಾಕಿದರೆ ಮತ್ತೆ ಗುಂಯ್. ಸೋಪಿನ ಪುಡಿ ಬದಲಿಸಿದಳು. ತಟ್ಟೆ ಕಡಿಮೆ ಇಟ್ಟಳು. ಫಿಟ್ಟರ್‌ಗೆ ಫೋನು ಮಾಡಿದರೆ, ಪ್ಲಗ್ಗು ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕಿ ನೋಡಿ, ಏನೋ ತಪ್ಪು ಗುಂಡಿ ಒತ್ತಿರಬೇಕು ಎಂದ. ಇವಳಿಗೆ ರೇಗಿತು. "ನೀನೇ ಏನೋ ಕೆಡಿಸ್ಬುಟ್ಟು ಓಗಿದ್ದಿ, ನನ್ ಮ್ಯಾಲೆ ಆಕ್ತಿಯಾ?" ಎಂದು ಬಾಯಿಗೆ ಬಂದಂತೆ ಅಂದಳು. ಅವನು ಮತ್ತೆ ಬರುವ ಮಾತಾಡಲಿಲ್ಲ.

ಆ ವಾರ ನಾನು ಹೋದಾಗ ಅವಳ ಗಂಡನೂ ಮನೆಯಲ್ಲಿದ್ದ. "ಬಾವ, ನಿಮ್ ತಂಗಿ ಮಿಷಿನ್ನು ಬಾಳೆ ತೋಟ ಮಾಡ್ತಾ ಅದ" ಎಂದ. ನಾನೂ ಸೇರಿಕೊಂಡೆ. "ಎಸ್ಸೆಲ್ಸಿ ಪಾಸಾದೋಳು ಕಣಯ್ಯ. ಗುಂಡಿ ಒತ್ತದು ಆ ಪುಸ್ತಕದಲ್ಲಿ ಇರ್ನಿಲ್ಲ ಅಂತ ಕಾಣ್ತದ" ಎಂದೆ. ಇಬ್ಬರೂ ನಕ್ಕೆವು. ಅವಳು ನಗಲಿಲ್ಲ.

ನನ್ನನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿ ಎಮ್ಮೆ ಕಾಯಲು ಹಾಕಿದ್ದರು. ಅವಳನ್ನು ಓದಿಸಿದರು. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಆದರೂ ಅವಳು ಸೋತು ನಿಂತದ್ದನ್ನು ನೋಡಿ ಆವತ್ತು ನನಗೆ ಒಳಗೊಳಗೇ ಹಿತವಾಗಿತ್ತು. ಇದನ್ನೂ ಬರೆಯದಿದ್ದರೆ ಮಿಕ್ಕದ್ದನ್ನು ಬರೆದು ಪ್ರಯೋಜನವಿಲ್ಲ.

ಆಮೇಲೆ ಅವಳು ಮಿಷಿನ್ ಹಾಕಿ, ಹಿತ್ತಲಲ್ಲಿ ನೀರು ಹೇಗೆ ಬರುತ್ತದೆ ನೋಡು ಎಂದು ನನ್ನನ್ನು ಕಳುಹಿಸಿದಳು. ಬಾಳೆಬುಡದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಪೈಪು ಭರ್ರನೆ ಸುರಿಯುತ್ತಿತ್ತು. ಒಳಗಿನಿಂದ ಕೂಗಿದಳು, "ಪ್ಲಗ್ಗು ಕಿತ್ತಿವ್ನಿ ಕಣಣ್ಣ!" ಮೋಟರಿನ ಸದ್ದು ನಿಂತಿತು. ನೀರು ನಿಲ್ಲಲಿಲ್ಲ. ಕರೆಂಟಿಲ್ಲದ ಮಿಷಿನ್ನಿನಿಂದ ನೀರು ತಣ್ಣಗೆ, ಒಂದೇ ಸಮನೆ ಬರುತ್ತಲೇ ಇತ್ತು.

ಆ ಕ್ಷಣಕ್ಕೆ ನನಗೆ ಎಲ್ಲ ಗೊತ್ತಾಯಿತು. ಡ್ರಮ್ಮಿನಿಂದ ಡೀಸೆಲ್ ತೆಗೆಯುವಾಗ ಪೈಪಿನ ತುದಿಯನ್ನು ಬಾಯಲ್ಲಿ ಒಂದು ಸಲ ಎಳೆದು ತಗ್ಗಿಗೆ ಬಿಟ್ಟರೆ ಮುಗಿಯಿತು, ಮಿಕ್ಕದ್ದು ತಾನೇ ಇಳಿದು ಬರುತ್ತದೆ. ಎಷ್ಟು ಸಲ ಮಾಡಿದ್ದೇನೋ. ಇಲ್ಲಿ ಬಾಯಿಯ ಬದಲು ಮೋಟರು ಒಂದು ಸಲ ಎಳೆದು ಕೊಡುತ್ತಿತ್ತು, ಅಷ್ಟೇ. ತುಂಬಿದ ನೀರೆಲ್ಲ ನಾನು ಇಳಿಬಿಟ್ಟ ಪೈಪಿನಲ್ಲಿ ಜಾರಿ ಹೋಗುತ್ತಿತ್ತು. ನೀರು ಸಾಲದೆಂದು ಮಿಷಿನ್ ಮತ್ತೆ ತುಂಬುತ್ತಿತ್ತು. ಫಿಟ್ಟರ್ ಯಾಕೆ ಹಾಗೆ ಹೇಳಿದ್ದ ಎಂದು ಆಗ ಅರ್ಥವಾಯಿತು.

ಒಳಗೆ ಬಂದೆ. "ಅಲ್ಲೇನಾರ ಗೊತ್ತಾಯ್ತಾ ಅಣ್ಣ?" ಎಂದು ಕೇಳಿದಳು. ಅವಳ ಗಂಡ ಬಾಗಿಲಲ್ಲೇ ನಿಂತಿದ್ದ. ಈಗತಾನೆ ಆಡಿಕೊಂಡು ನಕ್ಕಿದ್ದೆ.

"ಏನೂ ಇಲ್ಲ. ಮಿಷಿನ್ನೇ ಸರಿ ಇಲ್ಲ" ಎಂದೆ.

ಯಾರೂ ಇಲ್ಲದಾಗ ಪೈಪನ್ನು ಎತ್ತಿ ಕಟ್ಟಿಬಿಟ್ಟರಾಯಿತು ಎಂದುಕೊಂಡಿದ್ದೆ. ಆದರೆ ಅವಳು ಅಡುಗೆಮನೆ ಬಿಟ್ಟು ಕದಲುವವಳಲ್ಲ. ಅಷ್ಟರಲ್ಲಿ ಭತ್ತದ ಕೊಯ್ಲು ಬಂತು. ನಾನು ಮತ್ತೆ ಹೋಗುವ ಹೊತ್ತಿಗೆ ಮಿಷಿನ್ನಿನ ಮೇಲೆ ಹಳೇ ಬೆಡ್‌ಶೀಟು ಹೊದಿಸಿ ಉಪ್ಪಿನಕಾಯಿ ಜಾಡಿ ಇಟ್ಟಿದ್ದಳು. ಬಚ್ಚಲಲ್ಲಿ ಕೂತು ತಟ್ಟೆ ಉಜ್ಜುತ್ತಿದ್ದಳು. ಆಗಲೂ ಹೇಳಬಹುದಿತ್ತು. ದಿನ ಕಳೆದಷ್ಟೂ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ದೊಡ್ಡದಾಗುತ್ತಾ ಹೋಯಿತು.

ಅವಳ ಬಲಗೈಯ ಹೆಬ್ಬೆರಳು ಕೀವಾಯಿತು. ಕೊಯ್ದು ಪಟ್ಟಿ ಕಟ್ಟಿದರು. ಬಿಸಿ ಹಿಟ್ಟು ಮುಟ್ಟಲಾಗದೆ, ಒಂದು ದಿನ ಮುದ್ದೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಊಟಕ್ಕೆ ಬಂದವರೊಬ್ಬರು, "ಏನವ್ವ, ಇವತ್ತು ಮುದ್ದೇಲಿ ಗಂಟು ಹುಡ್ಕಿ ತಗೀಬೇಕಾ?" ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಪಟ್ಟಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಆಮೇಲೆ ಕೆಲವು ದಿನ ಮೆಸ್ಸನ್ನೇ ಮುಚ್ಚಬೇಕಾಯಿತು. ಊಟಕ್ಕೆ ಬರುತ್ತಿದ್ದವರಲ್ಲಿ ಕೆಲವರು ಬೇರೆ ಕಡೆ ಹೊಂದಿಕೊಂಡರು.

"ನನ್ ಕೈಯಲ್ಲೇ ಏನೋ ದೋಷ ಅದ ಬುಡಣ್ಣ" ಎಂದಳು ಒಂದು ದಿನ. "ಎಲ್ರ ಮನೇಲೂ ನಡಿಯೋ ಮಿಷಿನ್ನು ನನ್ ಕೈಗೆ ಬಂದ್ರೆ ಕೆಟ್ಟೋಯ್ತದ."

ನಾನು ತಲೆ ಬಗ್ಗಿಸಿಕೊಂಡು ಸೊಪ್ಪು ಬಿಡಿಸಿದೆ.

ಕೊನೆಗೆ ಹಳೇ ಸಾಮಾನು ಕೊಳ್ಳುವವನ ಗಾಡಿಯನ್ನು ಅವಳೇ ಬಾಗಿಲಿಗೆ ಕರೆಸಿದಳು. ಅವನು ಮಿಷಿನ್ನಿನ ಬಾಗಿಲು ತೆಗೆದು ಇಣುಕಿ, "ಇದ್ರಲ್ಲಿ ಬಟ್ಟೆನೂ ಒಗೀಬೌದಾ ಅಕ್ಕ?" ಎಂದ. "ಏನೂ ಒಗಿಯಕಾಗಲ್ಲ ತಕಂಡೋಗಪ್ಪ" ಎಂದು, ಒಂದು ಬದಿ ಹಿಡಿಯಲು ನನ್ನನ್ನು ಕರೆದಳು. ಪಟ್ಟಿಯ ಕೈಯಲ್ಲೇ ತಾನೂ ಹಿಡಿಯಲು ಬಂದಳು. ಆ ಕೈ ನೋಡಿ ನನ್ನಿಂದಾಗಲಿಲ್ಲ.

"ಒಸಿ ತಡಿ. ಒಂದ್ ಸಲ ನೋಡ್ತೀನಿ" ಎಂದೆ. ಪೈಪನ್ನು ತೂತಿನಿಂದ ಎಳೆದುಕೊಂಡೆ, ಜೋಡಿಸಿದ್ದ ತುಂಡು ಕಿತ್ತೆ, ಸಿಂಕಿನ ಮಟ್ಟಕ್ಕೆ ಎತ್ತಿ ಮೊದಲಿನ ಜಾಗದಲ್ಲೇ ಕಟ್ಟಿದೆ. ಮಿಷಿನ್ ಹಾಕಿದೆ. ನೀರು ತುಂಬಿತು. ನಿಂತಿತು. ಒಳಗೆ ಚಿಮ್ಮುವ ಸದ್ದು ಶುರುವಾಯಿತು.

ತಂಗಿ ಅದರ ಬಾಗಿಲಿಗೆ ಕಿವಿ ಇಟ್ಟು ಕೂತುಬಿಟ್ಟಳು. ಗಾಡಿಯವನು ಗೊಣಗಿಕೊಂಡು ಹೋದ. ಅವಳು ನನ್ನನ್ನು ನೋಡಿದ ರೀತಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ನೋಡು, ಯಾರ್ಗೂ ಆಗ್ದಿದ್ದು ನಿನ್ ಕೈಲಾಯ್ತು" ಎಂದು ಕಾಫಿ ಕೊಟ್ಟಳು. ಆ ಕಾಫಿಯನ್ನು ಕುಡಿದೆ. ಪಕ್ಕದ ಮನೆಯವಳನ್ನು ಕರೆದು, ನಮ್ಮಣ್ಣ ಸರಿಮಾಡಿದ ಎಂದಳು. ಆಗಲೂ ಸುಮ್ಮನಿದ್ದೆ. ಅಷ್ಟಕ್ಕೇ ನಿಂತಿದ್ದರೆ ಇವತ್ತಿನವರೆಗೂ ಸುಮ್ಮನಿರುತ್ತಿದ್ದೆನೇನೋ.

ಅವಳು ಫೋನು ತೆಗೆದುಕೊಂಡು ಹನೂರಿನ ಫಿಟ್ಟರ್‌ಗೆ ಮಾಡಿದಳು.

"ನಾನು ಕಣಪ್ಪ, ಮೆಸ್ಸಿನೋಳು. ಅವತ್ತು ನಾನು ನಿನ್ನ ಬಾಯಿಗ್ ಬಂದಂಗ ಅಂದ್ಬುಟ್ಟಿ. ನಂದೇ ತಪ್ಪು. ನಾನೇ ಏನೋ ಒತ್ಬಾರದ್ದ ಒತ್ತಿದ್ದಿ ಅಂತ ಕಾಣ್ತದ. ಮನಸ್ಸಲ್ಲಿ ಮಡಿಕ್ಕಬ್ಯಾಡ."

ಲೋಟ ಕೆಳಗಿಟ್ಟು ಎದ್ದೆ. ಅವಳು ಫೋನು ಇಡುವುದರಲ್ಲಿದ್ದಳು.

"ಇಡ್ಬ್ಯಾಡ ತಡಿ. ಅವ್ನೂ ಕೇಳ್ಲಿ" ಎಂದೆ.

"ಏನಾಯ್ತಣ್ಣ?"

ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹೇಳಿದೆ.

"ಪೈಪ್ ಕೆಳಕ್ ಬುಡ್ಬ್ಯಾಡಿ ಅಂತ ಅವ್ನು ನನ್ ಎದುರ್ಗೇ ಹೇಳಿದ್ದ. ನೀನು ಹಾಲ್ ತರಕ್ ಓಗಿದ್ದೆ. ಬಾಳೆಗ ನೀರ್ ಬುಡಕ್ ಓಗಿ ಕೆಡಿಸ್ದೋನು ನಾನು. ಅವತ್ತು ಪ್ಲಗ್ಗು ಕಿತ್ತಾಗ್ಲೇ ಗೊತ್ತಾಯ್ತು, ಹೇಳ್ನಿಲ್ಲ. ನಿನ್ನ ಆಡ್ಕಂಡು ನಕ್ಕಿದ್ನಲ್ಲ, ನಾಚ್ಕೆ ಆಯ್ತು. ನಿನ್ ಬೆರಳು ಕೀವಾದಾಗ್ಲೂ ಹೇಳ್ನಿಲ್ಲ. ನಿನ್ ಕೈಲಿ ಏನೂ ದೋಷ ಇಲ್ಲ ಕಣವ್ವ. ನಂದೇ ತಪ್ಪು. ತಪ್ಪಾಯ್ತು."