ಒಂಟಿ ಹೆಸರಿನವರ ಸಾಲು

ಮಧ್ಯ ಜಾವಾದ ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತನಾಲ್ಕು ವರ್ಷ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಸಿ ಈಗ ನಿವೃತ್ತರಾಗುತ್ತಿರುವ ಬು ಸುಮಾರ್ತಿಯವರು, ಫೈಲನ್ನು ಓದುವುದಕ್ಕೂ ಬರೆಯುವುದಕ್ಕೂ ಒಂದು ನೀತಿಯಿದೆ ಎಂಬುದನ್ನು ಎರಡು ತಲೆಮಾರಿಗೆ ಮನಗಾಣಿಸಿದವರು. ಬು ಎಂದರೆ ಇಲ್ಲಿನವರ ಬಾಯಲ್ಲಿ ಅಮ್ಮ, ಮೇಡಂ. ಅವರು ಒಂದೆಡೆ ಕೂತವರಲ್ಲ. ಫೈಲು ತೆರೆಯಿತೇ, ಸಾಲು ಪೂರ್ತಿ ಬಂತೇ, ಮುಚ್ಚುವಾಗ ಡಿಸ್ಕಿನಲ್ಲಿ ಜಾಗವಿತ್ತೇ ಎಂದು ಬೆಂಚಿನಿಂದ ಬೆಂಚಿಗೆ ಓಡಾಡುತ್ತ ಕೇಳುವರು. ವಿದ್ಯಾರ್ಥಿಗಳಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಅವರಲ್ಲಿ ಪಾರ್ಲಿನ್ ಸಿತೊಹಾಂಗ್ ಮೊದಲಿಗ. ಸುಮಾತ್ರದ ಬತಾಕ್ ಮನೆತನದವನು. ಅವನ ಕಡೆ ಕುಲನಾಮವಿಲ್ಲದ ಮನುಷ್ಯನೇ ಇಲ್ಲ. ಅವನು ಜ್ವರದಲ್ಲಿ ಮಲಗಿದ್ದಾಗ ಬು ಗಂಜಿ ತಂದುಕೊಟ್ಟು, ಅವನು ಉಣ್ಣುವಷ್ಟರಲ್ಲಿ ಅವನ ಪ್ರೋಗ್ರಾಮಿನ ತಪ್ಪುಗಳಿಗೆಲ್ಲ ಗೀಟು ಹಾಕಿಟ್ಟು ಹೋಗಿದ್ದರು.

ಮುಂದೆ ಅವನು ಇಲ್ಲೇ ಮೇಷ್ಟ್ರಾದ. ಬೆಂಕಿಬೆಟ್ಟ ಹೊಗೆಯಾಡತೊಡಗಿದ ವರ್ಷ, ನಡೆಯಲಾಗದ ವೃದ್ಧರನ್ನು ಕೆಳಗಿಳಿಸಲು ಪಟ್ಟಿಯನ್ನು ಊರುವಾರು ವಿಂಗಡಿಸುವ ಕೆಲಸ ಅವನ ಪಾಲಿಗೆ ಬಂತು. ಹೆಸರು, ಕುಲನಾಮ, ಊರು: ಒಬ್ಬೊಬ್ಬರಿಗೆ ಮೂರು ಪದ ಓದು ಎಂದು ಪ್ರೋಗ್ರಾಮು ಬರೆದ. ಪ್ರೋಗ್ರಾಮು ತಕರಾರಿಲ್ಲದೆ ಓಡಿತು. ಮಧ್ಯಾಹ್ನ ಮೂರಕ್ಕೆ ಜೀಪುಗಳು ಹೊರಡಬೇಕು. ಎರಡಕ್ಕೆ ಬು ಬಂದು ನಿಂತರು.

“ಪಾರ್ಲಿನ್, ನಮ್ಮಮ್ಮ ಪೋನಿರಾ ಯಾವ ಊರಲ್ಲಿದ್ದಾಳೆ ನೋಡು.”

“ತುಕಿಯೆಮ್ ಅಂತಿದೆ, ಬು.”

“ತುಕಿಯೆಮ್ ಪಕ್ಕದ ಮನೆ ಅಜ್ಜಿ ಕಣೋ. ಊರಲ್ಲ.”

ಪಾರ್ಲಿನ್ ಪಟ್ಟಿಯನ್ನು ಮೇಲಿನಿಂದ ನೋಡತೊಡಗಿದ. ಈ ಕಡೆಯ ವೃದ್ಧರಲ್ಲಿ ಹಲವರಿಗೆ ಇರುವುದು ಒಂಟಿ ಹೆಸರು, ಕುಲನಾಮವಿಲ್ಲ. ಬು ಅವರಿಗೂ ಅಷ್ಟೇ, ಆದರೂ ಅವನಿಗೆ ಹೊಳೆದಿರಲಿಲ್ಲ. ಮೂರನೆಯ ಪದ ಸಿಗದೆ ಪ್ರೋಗ್ರಾಮು ಮುಂದಿನ ಸಾಲಿಗೆ ಕೈಹಾಕಿತ್ತು. ಅಲ್ಲಿಂದಾಚೆ ಯಾರ ಊರು ಯಾರಿಗೋ. ಬರೆಯಲು ಫೈಲು ತೆರೆದ ಕ್ಷಣವೇ ಅದರಲ್ಲಿದ್ದ ಹಳೆಯದು ಅಳಿಸಿಹೋಗುತ್ತದೆ ಎಂದು ಬು ಬೈದು ಬೈದು ಕಲಿಸಿದ್ದರಿಂದ, ಅವರ ಹೆದರಿಕೆಗೇ ಫಲಿತಾಂಶವನ್ನು ಅವನು ಬೇರೆ ಫೈಲಿಗೆ ಬರೆದಿದ್ದ. ಮೂಲ ಪಟ್ಟಿ ಉಳಿದದ್ದು ಹಾಗೆ.

“ಒಂದೊಂದೇ ಸಾಲು ಪೂರ್ತಿ ಓದು, ಪದ ಎಣಿಸು. ಹೊಂದದಿದ್ರೆ ನಿಲ್ಲು, ಊಹೆ ಮಾಡ್ಬೇಡ,” ಎನ್ನುತ್ತ ಬು ಕೋಣೆಯಲ್ಲಿ ಶತಪಥ ಹಾಕಿದರು. ತಾಯಿಯ ಊರಿಗೆ ಮೊದಲು ಜೀಪು ಕಳಿಸಿ ಎನ್ನಬಹುದಿತ್ತು, ಎನ್ನಲಿಲ್ಲ. ಹೊಸ ಫೈಲು ಸರಿಯಾಗಿ ಮುಚ್ಚಿತೆಂದು ಖಾತ್ರಿಯಾದ ಮೇಲೆಯೇ ಪಟ್ಟಿ ಹೊರಗೆ ಬಿಟ್ಟರು. ಆಗ ಮೂರೂಕಾಲು.

ಪೋನಿರಾ ಅಜ್ಜಿ ಬಂದದ್ದು ಕೊನೆಯ ಜೀಪಿನಲ್ಲಿ. ಪಾರ್ಲಿನ್ ಕೈಹಿಡಿದು ಇಳಿಸುತ್ತ ನಡೆದದ್ದನ್ನು ಹೇಳಿ ತಪ್ಪಾಯಿತೆಂದ.

“ನಿನಗೆಷ್ಟು ಹೆಸರಪ್ಪ?”

“ಎರಡು, ಅಜ್ಜಿ.”

“ನನಗಿರೋದು ಒಂದೇ. ಜೋಪಾನ ಮಾಡು.”

ಬೆಟ್ಟ ಈ ವಾರ ಮತ್ತೆ ಹೊಗೆಯಾಡುತ್ತಿದೆ. ಬೀಳ್ಕೊಡುಗೆಯ ಹಳದಿ ಅನ್ನ ಆರುವ ಮುನ್ನವೇ ಪಾರ್ಲಿನ್ ಹೊಸ ಪಟ್ಟಿ ಹಿಡಿದು ಬು ಅವರ ಮುಂದೆ ನಿಲ್ಲುವವನಿದ್ದಾನೆ. ಅವರು ದೀರ್ಘಕಾಲ ಬಾಳಲಿ. ಸುಮ್ಮನೆ ಮಾತ್ರ ಕೂರದಿರಲಿ.